ಕಾರಿನ ಮುಂದಿನ ಕ್ರ್ಯಾಂಕ್ ಆಯಿಲ್ ಸೀಲ್ ಮನೆಯಲ್ಲೇ ಬದಲಿಸುವುದು: ಮತ್ತೆ ಸೋರದ ಹಾಗೆ, ಹಂತ ಹಂತವಾಗಿ

ತುಮಕೂರು, ಸಿರಾ, ಗುಬ್ಬಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಹೊಸ ಸೀಲು ಹಾಕಿದ್ದಾಯ್ತು. ಎರಡು ವಾರಕ್ಕೆ ಮತ್ತೆ ಆಯಿಲ್ ಸೋರುತ್ತಿದೆ. ಸೀಲೇ ಡೂಪ್ಲಿಕೇಟ್ ಇರಬೇಕು ಅಲ್ವಾ?" ಇರಬಹುದು. ಆದರೆ ಹೆಚ್ಚಿನ ಸಲ ತಪ್ಪು ಸೀಲಿನದ್ದಲ್ಲ. ಹಳೇ ಸೀಲು ಯಾಕೆ ಸೋರಿತು ಅಂತ ನೋಡದೆ ಹೊಸದನ್ನು ಹಾಕಿರುತ್ತಾರೆ. ಇಲ್ಲವೇ ಸೋರುತ್ತಿದ್ದದ್ದೇ ಬೇರೆ ಜಾಗ. ಇಲ್ಲವೇ ಹಾಕುವಾಗ ಸೀಲಿನ ಲಿಪ್ಪು, ಅಂದರೆ ತಿರುಗುವ ಭಾಗಕ್ಕೆ ಒತ್ತಿಕೊಂಡು ಆಯಿಲ್ ತಡೆಯುವ ಒಳ ಅಂಚು, ಮಡಚಿಕೊಂಡಿರುತ್ತದೆ. ಹಾಗಾಗಿ ಇಲ್ಲಿ ಬಿಚ್ಚುವ ಕೆಲಸಕ್ಕಿಂತ ನೋಡುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಮೊದಲು: ಇದು ನಿಮ್ಮ ಕಾರಿಗೆ ಮನೆಯಲ್ಲಿ ಮಾಡುವ ಕೆಲಸವೇ?

ಪಿಸ್ಟನ್‌ಗಳ ಬಲದಿಂದ ತಿರುಗುವ ಎಂಜಿನ್‌ನ ಮುಖ್ಯ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್‌ಗೆ ಎರಡು ತುದಿ, ಆಯಿಲ್ ಹೊರಗೆ ಬರದಂತೆ ತಡೆಯಲು ಎರಡು ಸೀಲು. ಫ್ಯಾನ್ ಬೆಲ್ಟ್ ಓಡುವ ಪುಲ್ಲಿಯ ಹಿಂದೆ ಇರುವುದು ಮುಂದಿನ ಸೀಲು. ಗೇರ್ ಬಾಕ್ಸ್ ಕಡೆ ಇರುವುದು ಹಿಂದಿನ ಸೀಲು. ಈ ಮಾರ್ಗದರ್ಶಿ ಮುಂದಿನದಕ್ಕೆ ಮಾತ್ರ. ಹಿಂದಿನ ಸೀಲಿಗೆ ಗೇರ್ ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು. ಅದು ಮನೆ ಅಂಗಳದ ಕೆಲಸ ಅಲ್ಲ.

ಮುಂದಿನ ಸೀಲಿನಲ್ಲೂ ಎರಡು ತರಹ ಇದೆ. ಟೈಮಿಂಗ್ ಚೈನ್ (ಕ್ರ್ಯಾಂಕ್ ತಿರುಗುವುದಕ್ಕೆ ಹೊಂದಿಸಿ ವಾಲ್ವ್‌ಗಳನ್ನು ಆಡಿಸುವ ಸರಪಳಿ) ಇರುವ ಎಂಜಿನ್‌ನಲ್ಲಿ ಪುಲ್ಲಿ ತೆಗೆದರೆ ಸೀಲು ಕಣ್ಣೆದುರಿಗೇ ಬರುತ್ತದೆ. ಮಾರುತಿಯ ಕೆ ಸರಣಿಯ ಎಂಜಿನ್‌ಗಳು, ಅಂದರೆ ಆಲ್ಟೋ ಕೆ10, 2010ರಿಂದೀಚಿನ ವ್ಯಾಗನ್ ಆರ್, ಕೆ ಸರಣಿ ಎಂಜಿನ್ ಇರುವ ಪೆಟ್ರೋಲ್ ಸ್ವಿಫ್ಟ್ (2010ಕ್ಕಿಂತ ಹಳೆಯದಲ್ಲ) ಈ ಗುಂಪಿನವು. ಹ್ಯುಂಡೈ ಐ10ರ 1.2 ಕಪ್ಪಾ ಎಂಜಿನ್ ಕೂಡ ಹಾಗೇ. ಇಲ್ಲಿ ಹೇಳುವ ಹಂತಗಳು ಇಂಥ ಎಂಜಿನ್‌ಗಳಿಗೆ.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ನಲ್ಲಿ, ಉದಾಹರಣೆಗೆ ಮಾರುತಿ 800, 796 ಸಿಸಿಯ ಆಲ್ಟೋ, ಸ್ಯಾಂಟ್ರೋ ಜಿಂಗ್, ಸೀಲಿನ ತನಕ ಹೋಗಲು ಟೈಮಿಂಗ್ ಬೆಲ್ಟನ್ನೇ ಬಿಚ್ಚಬೇಕು. ವಾಪಸ್ ಹಾಕುವಾಗ ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಬಗ್ಗಿಯೇ ಹೋಗುತ್ತದೆ. ಟೈಮಿಂಗ್ ಗುರುತು ಕೂಡಿಸಿ ಅಭ್ಯಾಸ ಇಲ್ಲದವರು ಇದಕ್ಕೆ ಕೈ ಹಾಕಬೇಡಿ.

ಇನ್ನೊಂದು ಎಚ್ಚರಿಕೆ. ಫೋರ್ಡ್‌ನ ಕೆಲವು ಎಂಜಿನ್‌ಗಳಲ್ಲಿ ಪುಲ್ಲಿ ಮತ್ತು ಟೈಮಿಂಗ್ ಗೇರನ್ನು ಶಾಫ್ಟ್‌ಗೆ ಕಚ್ಚಿಸುವ ಕೀ (ಚಿಕ್ಕ ಲೋಹದ ತುಂಡು) ಇರುವುದೇ ಇಲ್ಲ. ಬೋಲ್ಟಿನ ಬಿಗಿಯೊಂದೇ ಎಲ್ಲವನ್ನೂ ಹಿಡಿದಿರುತ್ತದೆ. ಆ ಬೋಲ್ಟು ಸಡಿಲ ಮಾಡಿದ ಕ್ಷಣವೇ ಟೈಮಿಂಗ್ ಜಾರಬಹುದು. ನಿಮ್ಮ ಎಂಜಿನ್‌ನಲ್ಲಿ ಕೀ ಇದೆಯೇ ಇಲ್ಲವೇ ಅಂತ ಸರ್ವಿಸ್ ಮ್ಯಾನುಯಲ್ ನೋಡಿಯೇ ಮುಂದುವರಿಯಿರಿ.

## ಬೇಕಾದ ಸಾಮಾನು

ಜಾಕಿ, ಎರಡು ಜಾಕ್ ಸ್ಟ್ಯಾಂಡ್, 10, 12, 14 ನಂಬರ್ ಪಾನಾಗಳು, ಪುಲ್ಲಿ ಬೋಲ್ಟಿಗೆ ಹೊಂದುವ ಬಾಕ್ಸ್ ಸಾಕೆಟ್, ಅದಕ್ಕೆ ಉದ್ದನೆ ಹ್ಯಾಂಡಲ್, ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯ್ತು ಅಂತ ಅಳೆಯುವ ಪಾನಾ), ಸೀಲು ಕೀಳುವ ಕೊಕ್ಕೆ, ಚಿಕ್ಕ ಸುತ್ತಿಗೆ, ಸೀಲಿನ ಹೊರ ಅಂಚಿಗೆ ಸರಿಹೊಂದುವ ದೊಡ್ಡ ಸಾಕೆಟ್ ಅಥವಾ ಪಿವಿಸಿ ಪೈಪಿನ ತುಂಡು. ಜೊತೆಗೆ ಸೀಮೆಎಣ್ಣೆ ಅಥವಾ ಡೀಸೆಲ್, ನೂಲು ಬಿಡದ ಬಟ್ಟೆ, ಟಾರ್ಚ್, ಮುಖಕ್ಕೆ ಹಾಕುವ ಟಾಲ್ಕಂ ಪೌಡರ್. ಪೌಡರ್ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸ ಶುರು ಮಾಡಬೇಡಿ. ಕೊಳ್ಳಲು ಆಗದಿದ್ದರೆ ಪರಿಚಯದ ಗ್ಯಾರೇಜಿನಿಂದ ಅರ್ಧ ದಿನಕ್ಕೆ ಕೇಳಿ ತನ್ನಿ. ಪುಲ್ಲಿ ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿ ಮಾಡಿದ ಕಾರುಗಳ ಕಥೆ ಚೆನ್ನಾಗಿ ಮುಗಿಯುವುದಿಲ್ಲ.

## ಹಂತ 1: ಸೋರುವ ಜಾಗ ಇದೇನಾ ಅಂತ ಖಚಿತ ಮಾಡಿಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಜನ ಸೋಲುವುದು ಇಲ್ಲೇ. ಆಯಿಲ್ ಯಾವಾಗಲೂ ಕೆಳಗೆ ಇಳಿಯುತ್ತದೆ, ಕಾರು ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಅದರ ಮೇಲೆ ನಮ್ಮ ಕಡೆಯ ಕೆಮ್ಮಣ್ಣಿನ ಧೂಳು ಕೂತು ಗಟ್ಟಿ ಜಿಡ್ಡಾಗುತ್ತದೆ. ಆ ಜಿಡ್ಡು ನೋಡಿ ಎಲ್ಲಿಂದ ಬಂತು ಅಂತ ಹೇಳಲು ಯಾರಿಗೂ ಆಗದು.

ಎಂಜಿನ್ ತಣ್ಣಗಿರುವಾಗ ಪುಲ್ಲಿ ಸುತ್ತ, ಟೈಮಿಂಗ್ ಕವರ್ (ಚೈನ್ ಮುಚ್ಚುವ ಕವಚ), ಅದರ ಕೆಳಗಿನ ಆಯಿಲ್ ಚೇಂಬರ್, ಎಲ್ಲವನ್ನೂ ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬೆಲ್ಟ್, ಆಲ್ಟರ್ನೇಟರ್ ಮೇಲೆ ಸೀಮೆಎಣ್ಣೆ ಬೀಳದಂತೆ ಪ್ಲಾಸ್ಟಿಕ್ ಮುಚ್ಚಿ. ಪೆಟ್ರೋಲ್ ಬೇಡವೇ ಬೇಡ, ಒಂದು ಕಿಡಿ ಸಾಕು. ಒರೆಸಿ, ಪೂರ್ತಿ ಒಣಗಲು ಬಿಡಿ.

ಒಣಗಿದ ಮೇಲೆ ಆ ಜಾಗಕ್ಕೆಲ್ಲ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ. ಎಂಜಿನ್ ಶುರು ಮಾಡಿ 10-15 ನಿಮಿಷ ಓಡಲಿ. ಆಮೇಲೆ ಬಂದ್ ಮಾಡಿ ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೇಲೆ ಆಯಿಲ್ ಹರಿದ ದಾರಿ ಕಪ್ಪು ಗೆರೆಯಾಗಿ ಕಾಣುತ್ತದೆ. ಆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿ. ಅದರ ಮೇಲಿನ ತುದಿಯೇ ಸೋರುವ ಜಾಗ.

ಗೆರೆ ಎಂಜಿನ್‌ನ ತಲೆ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನಿಂದ ಇಳಿದಿದ್ದರೆ ನಿಮಗೆ ಬೇಕಿರುವುದು ಟ್ಯಾಪೆಟ್ ಕವರ್ ಪ್ಯಾಕಿಂಗ್, ಸೀಲಲ್ಲ. ಟೈಮಿಂಗ್ ಕವರ್ ಎಂಜಿನ್‌ಗೆ ಕೂಡುವ ಅಂಚಿನಲ್ಲಿ ಪಸೆ ಇದ್ದರೆ ಕವರ್‌ನ ಗಮ್ ಬಿಟ್ಟಿದೆ. ಆಯಿಲ್ ಪ್ರೆಷರ್ ಸ್ವಿಚ್, ಆಯಿಲ್ ಫಿಲ್ಟರ್ ಅಂಚನ್ನೂ ಬೆರಳಾಡಿಸಿ ನೋಡಿ. ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಜಾಗದಿಂದ ತೊಟ್ಟಿಕ್ಕುತ್ತಿದ್ದರೆ ಹಿಂದಿನ ಸೀಲಿನ ಬಗ್ಗೆ ಅನುಮಾನ ಪಡಿ.

ಮುಂದಿನ ಸೀಲು ಸೋರುವಾಗ ಗುರುತು ಬೇರೆ ತರಹ ಇರುತ್ತದೆ. ಪುಲ್ಲಿ ತಿರುಗುವಾಗ ಆಯಿಲನ್ನು ಸುತ್ತಲೂ ಎರಚುತ್ತದೆ. ಪುಲ್ಲಿಯ ಹಿಂಬದಿ ಒದ್ದೆಯಾಗಿರುತ್ತದೆ. ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ಮೇಲೆ ಪುಲ್ಲಿಯ ನೇರಕ್ಕೆ ಒಂದು ಪಟ್ಟಿಯ ಹಾಗೆ ಆಯಿಲ್ ಹನಿಗಳು ಕಾಣುತ್ತವೆ. ಈ ಪಟ್ಟಿ ಕಂಡರೆ ಮುಂದಿನ ಹಂತಕ್ಕೆ ಹೋಗಿ.

## ಹಂತ 2: ಪಿಸಿವಿ ವಾಲ್ವ್ ನೋಡದೆ ಸೀಲು ಮುಟ್ಟಬೇಡಿ

ಎಂಜಿನ್ ಓಡುವಾಗ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗಿನ ಚೇಂಬರ್‌ಗೆ ಇಳಿಯುತ್ತಲೇ ಇರುತ್ತದೆ. ಅದನ್ನು ಎಳೆದು ಮತ್ತೆ ಎಂಜಿನ್‌ಗೇ ಕಳಿಸುವುದು ಪಿಸಿವಿ ವಾಲ್ವ್. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಆ ಒತ್ತಡ ಹೊರಗೆ ಬರಲು ಅತ್ಯಂತ ಮೆತ್ತಗಿನ ಜಾಗ ಹುಡುಕುತ್ತದೆ, ಅದು ಸೀಲಿನ ಲಿಪ್ಪು. ಆಗ ಹೊಸ ಸೀಲು ಹಾಕಿದರೂ ಸೋರುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ನಿಧಾನ ತೆಗೆದು, ಬಾಯಿಯ ಮೇಲೆ ಅಂಗೈಗಿಂತ ದೊಡ್ಡ ಗಟ್ಟಿ ಕಾಗದ ಇಡಿ. ಕಾಗದ ಮೆಲ್ಲಗೆ ಕಚ್ಚಿಕೊಂಡರೆ ಸರಿ. ಹಾರಿ ಹಾರಿ ಬೀಳುತ್ತಿದ್ದರೆ ಅಥವಾ ಹೊಗೆ ಬುಸುಗುಡುತ್ತಿದ್ದರೆ ಒಳಗೆ ಒತ್ತಡ ಇದೆ. ಎಂಜಿನ್ ಬಂದ್ ಮಾಡಿ ವಾಲ್ವ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗಿನ ತುಂಡು ಗಲಗಲ ಅನ್ನಬೇಕು. ಅನ್ನದಿದ್ದರೆ ಹೊಸದು ಹಾಕಿ, ಅದರ ಪೈಪನ್ನೂ ತೊಳೆಯಿರಿ.

ಹೊಸ ವಾಲ್ವ್ ಹಾಕಿದ ಮೇಲೂ ಜೋರಾಗಿ ಗ್ಯಾಸ್ ಬರುತ್ತಿದ್ದರೆ ರಿಂಗ್ ಸವೆದಿರಬಹುದು. ಆಗ ಸೀಲಿಗೆ ದುಡ್ಡು ಹಾಕುವ ಮೊದಲು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ.

ಡಿಪ್‌ಸ್ಟಿಕ್ ಕೂಡ ನೋಡಿ. ಆಯಿಲ್ ಮೇಲಿನ ಗೆರೆ ದಾಟಿದ್ದರೆ ಅದೂ ಸೋರಿಕೆಗೆ ದಾರಿ ಮಾಡುತ್ತದೆ.

## ಹಂತ 3: ಸರಿಯಾದ ಸೀಲು ಕೊಳ್ಳುವುದು

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಕೊಳ್ಳಿ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿ, "ಸ್ವಿಫ್ಟ್ ಸೀಲು ಕೊಡಿ" ಅಂದರೆ ಸಾಲದು. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಹಿಡಿದು ಪಾರ್ಟ್ ನಂಬರ್ ತೆಗೆಸಿ. ಸೀಲಿನ ಮುಖದ ಮೇಲೆ ಸಾಮಾನ್ಯವಾಗಿ ಮೂರು ಅಂಕಿ ಇರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ, ಮೂರೂ ಮಿಲಿಮೀಟರ್‌ನಲ್ಲಿ. ಬಾಣದ ಗುರುತಿದ್ದರೆ ಅದು ಶಾಫ್ಟ್ ತಿರುಗುವ ದಿಕ್ಕು.

ಲಿಪ್ಪನ್ನು ಹಗುರಾಗಿ ಒತ್ತಿ ನೋಡಿ. ಮೆತ್ತಗಿದ್ದು ಕೂಡಲೇ ಹಿಂದಕ್ಕೆ ಬರಬೇಕು. ವರ್ಷಗಟ್ಟಲೆ ಬಿಸಿಲು ಬೀಳುವ ಶೋಕೇಸಿನಲ್ಲಿದ್ದ ಸೀಲು ಹಾಕುವ ಮೊದಲೇ ಗಟ್ಟಿಯಾಗಿರುತ್ತದೆ. ಹಿಂಬದಿಯ ಸಣ್ಣ ಸುರುಳಿ ಸ್ಪ್ರಿಂಗ್ ತನ್ನ ತೋಡಿನಲ್ಲೇ ಕೂತಿರಬೇಕು. ಕಂಪನಿಯ ಸೀಲಿಗೂ ಅಗ್ಗದ್ದಕ್ಕೂ ಇರುವ ಬೆಲೆಯ ಅಂತರ ಈ ಕೆಲಸದ ಶ್ರಮದ ಮುಂದೆ ಏನೇನೂ ಅಲ್ಲ. ಜಿಪುಣತನ ಬೇಡ.

ಅದರ ಜೊತೆಗೇ ಪುಲ್ಲಿ ಬೋಲ್ಟಿನ ಬಗ್ಗೆಯೂ ಕೇಳಿ. ಕೆಲವು ಎಂಜಿನ್‌ಗಳಲ್ಲಿ ಅದು ಒಂದೇ ಸಲ ಬಳಸುವ ಬೋಲ್ಟು. ಬೆಲ್ಟ್ ಆಯಿಲ್ ಕುಡಿದಿದ್ದರೆ ಹೊಸ ಬೆಲ್ಟ್ ಕೂಡ ತನ್ನಿ. ಆಯಿಲ್ ಕುಡಿದ ರಬ್ಬರ್ ತೊಳೆದರೂ ಜಾರುತ್ತದೆ.

## ಹಂತ 4: ಕಾರು ಎತ್ತುವುದು

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಮಣ್ಣಿನ ಅಂಗಳವೇ ಗತಿ ಅಂದರೆ ಸ್ಟ್ಯಾಂಡ್‌ಗಳ ಕೆಳಗೆ ದಪ್ಪ ಮರದ ಹಲಗೆ ಹಾಕಿ. ಮಳೆ ಬಿದ್ದ ಮರುದಿನ ಮಣ್ಣಿನ ಮೇಲೆ ಈ ಕೆಲಸ ಬೇಡ.

ಪುಲ್ಲಿ ಯಾವ ಕಡೆ ಇದೆ ಅಂತ ಬಾನೆಟ್ ಎತ್ತಿ ನೋಡಿಕೊಳ್ಳಿ. ಮೇಲೆ ಹೇಳಿದ ಮಾರುತಿ, ಹ್ಯುಂಡೈ ಕಾರುಗಳಲ್ಲಿ ಬಲ ಮುಂಚಕ್ರದ ಕಡೆ ಇರುತ್ತದೆ. ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿ, ಆಮೇಲೆ ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಕಾರು ಪೂರ್ತಿ ಕೆಳಗೆ ಬರುವುದಿಲ್ಲ.

ಜಾಕಿಯೊಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ. ಹಾಲೋ ಬ್ಲಾಕ್, ಇಟ್ಟಿಗೆ, ಒಂದರ ಮೇಲೊಂದು ಪೇರಿಸಿದ ಚಪ್ಪಡಿ ಕಲ್ಲು ಯಾವುದೂ ಸ್ಟ್ಯಾಂಡಿಗೆ ಬದಲಿ ಅಲ್ಲ. ಬ್ಲಾಕು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

## ಹಂತ 5: ಬೆಲ್ಟ್ ಮತ್ತು ಪುಲ್ಲಿ ಬೋಲ್ಟು

ಚಕ್ರದ ಒಳಗಿನ ಲೈನರ್ ಬಿಚ್ಚಿ. ಬೆಲ್ಟ್ ಓಡುವ ದಾರಿಯ ಫೋಟೋ ಎರಡು ಕೋನದಿಂದ ತೆಗೆದುಕೊಳ್ಳಿ. ಅದೇ ಬೆಲ್ಟ್ ವಾಪಸ್ ಹಾಕುವುದಾದರೆ ತಿರುಗುವ ದಿಕ್ಕನ್ನು ಚಾಕ್‌ನಲ್ಲಿ ಬರೆದಿಡಿ. ಟೆನ್ಷನರ್ ಸಡಿಲಿಸಿ ಬೆಲ್ಟ್ ತೆಗೆಯಿರಿ.

ಈಗ ಬೋಲ್ಟು. ಇದು ಗಟ್ಟಿ ಇರುತ್ತದೆ, ಸುಮ್ನೆ ಬರುವುದಿಲ್ಲ. ಮ್ಯಾನುಯಲ್ ಗೇರ್ ಕಾರಾದರೆ 5ನೇ ಗೇರ್ ಹಾಕಿ, ಒಬ್ಬರು ಒಳಗೆ ಕೂತು ಬ್ರೇಕ್ ಜೋರಾಗಿ ತುಳಿದಿರಲಿ. ಎಂಜಿನ್ ತಿರುಗದಂತೆ ಅದು ಹಿಡಿಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಈ ದಾರಿ ಇಲ್ಲ, ಪುಲ್ಲಿ ಹಿಡಿಯುವ ಟೂಲ್ ಬೇಕು. ಸಾಕೆಟನ್ನು ಬೋಲ್ಟಿನ ಮೇಲೆ ಪೂರ್ತಿ ಕೂರಿಸಿ, ಉದ್ದನೆ ಹ್ಯಾಂಡಲ್‌ನಿಂದ ಬಿಚ್ಚುವ ದಿಕ್ಕಿಗೆ ಒಂದೇ ಸಮ ಬಲ ಹಾಕಿ. ಬಲ ಮೇಲೆ ಕೆಳಗೆ ಇರಲಿ. ಕಾರನ್ನು ಪಕ್ಕಕ್ಕೆ ಜಗ್ಗಿದರೆ ಸ್ಟ್ಯಾಂಡ್ ಜಾರುತ್ತದೆ.

ಹ್ಯಾಂಡಲನ್ನು ನೆಲಕ್ಕೆ ತಾಗಿಸಿ ಸೆಲ್ಫ್ ಹೊಡೆದು ಬೋಲ್ಟು ಬಿಡಿಸುವ ಉಪಾಯ ಹಲವರು ಹೇಳಿಕೊಡುತ್ತಾರೆ. ಮಾಡಬೇಡಿ. ಹ್ಯಾಂಡಲ್ ಚಿಮ್ಮಿದರೆ ಮೂಳೆ ಮುರಿಯುತ್ತದೆ.

## ಹಂತ 6: ಪುಲ್ಲಿ ತೆಗೆಯುವುದು

ಬೋಲ್ಟು ಬಂದ ಮೇಲೆ ಎಂಜಿನ್ ತಿರುಗಿಸಬೇಡಿ. ಪುಲ್ಲಿ ಕೆಲವು ಕಾರುಗಳಲ್ಲಿ ಕೈಯಲ್ಲಿ ಅಲ್ಲಾಡಿಸಿದರೆ ಬರುತ್ತದೆ. ಬರದಿದ್ದರೆ ಅದರ ಮಧ್ಯದ ಭಾಗಕ್ಕೆ ಹಿಡಿಯುವ ಪುಲ್ಲರ್ ಬಳಸಿ. ಹೊರ ಅಂಚಿಗೆ ಪುಲ್ಲರ್ ಹಾಕಿ ಎಳೆಯಬೇಡಿ. ಅನೇಕ ಪುಲ್ಲಿಗಳಲ್ಲಿ ಹೊರ ಬಳೆಗೂ ಒಳ ಭಾಗಕ್ಕೂ ನಡುವೆ ರಬ್ಬರ್ ಇರುತ್ತದೆ, ಅದು ಕಿತ್ತುಹೋಗುತ್ತದೆ. ಹಿಂದಿನಿಂದ ಟಾಮಿ ಕೊಟ್ಟು ಮೀಟಬೇಡಿ, ಅಲ್ಯೂಮಿನಿಯಂ ಟೈಮಿಂಗ್ ಕವರ್ ಸೀಳುತ್ತದೆ.

ಶಾಫ್ಟಿನ ಮೇಲಿನ ಕೀ ಸಡಿಲವಿದ್ದರೆ ತೆಗೆದು ಒಂದು ಡಬ್ಬಿಯಲ್ಲಿಡಿ.

## ಹಂತ 7: ಹಳೇ ಸೀಲು ಕೀಳುವುದು

ಕೀಳುವ ಮೊದಲು ಅದು ಎಷ್ಟು ಆಳಕ್ಕೆ ಕೂತಿದೆ ಅಂತ ಅಳೆಯಿರಿ. ಕವರ್ ಮಟ್ಟಕ್ಕೆ ಸಮ ಇದೆಯೇ, ಒಂದು ಮಿಲಿಮೀಟರ್ ಒಳಗಿದೆಯೇ? ಬರೆದಿಡಿ.

ಚೈನ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಲಿಪ್ಪು ಕೂರುವುದು ಪುಲ್ಲಿಯ ಕೊಳವೆಯಂಥ ಭಾಗದ ಮೇಲೆ, ಶಾಫ್ಟಿನ ಮೇಲಲ್ಲ. ಪುಲ್ಲಿ ತೆಗೆದಾಗ ಸೀಲಿಗೂ ಶಾಫ್ಟಿಗೂ ನಡುವೆ ಜಾಗ ಸಿಗುತ್ತದೆ. ಕೊಕ್ಕೆಯನ್ನು ಲಿಪ್ಪಿನ ಹಿಂದೆ ಸಿಕ್ಕಿಸಿ, ಸುತ್ತಲೂ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಸ್ಕ್ರೂಡ್ರೈವರ್ ಬಳಸುವುದಾದರೆ ಅದರ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಕವರ್‌ನ ಒಳಗೋಡೆಗೆ ಅಡ್ಡ ಗೀರು ಬಿದ್ದರೆ ಆ ಗೀರಿನಿಂದಲೇ ಆಯಿಲ್ ದಾರಿ ಮಾಡಿಕೊಳ್ಳುತ್ತದೆ. ಸೀಲಿಗೆ ಡ್ರಿಲ್ ಹಾಕಿ ಸ್ಕ್ರೂ ತೂರಿಸುವುದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಲೋಹದ ಪುಡಿ ಒಳಗೆ ಬಿದ್ದರೆ ತೆಗೆಯುವುದು ಕಷ್ಟ.

ಆಯಿಲ್ ಪೂರ್ತಿ ಇಳಿಸುವ ಅಗತ್ಯ ಇಲ್ಲ. ಚೇಂಬರ್‌ನ ಆಯಿಲ್ ಮಟ್ಟ ಈ ಸೀಲಿಗಿಂತ ಕೆಳಗಿರುತ್ತದೆ. ಸ್ವಲ್ಪ ತೊಟ್ಟಿಕ್ಕಬಹುದು, ತಟ್ಟೆ ಇಡಿ.

## ಹಂತ 8: ಪುಲ್ಲಿಯ ಕುತ್ತಿಗೆ ನೋಡಿ

ಇದನ್ನು ಬಿಟ್ಟವರ ಕಾರೇ ಎರಡನೇ ಸಲ ಸೋರುವುದು. ಕುತ್ತಿಗೆ ಅಂದರೆ ಪುಲ್ಲಿಯ ಆ ಕೊಳವೆಯಂಥ ಭಾಗ. ಅದರ ಮೇಲೆ ಲಿಪ್ಪು ಉಜ್ಜುವ ಜಾಗದಲ್ಲಿ ಹೊಳೆಯುವ ಒಂದು ಗೆರೆ ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವುದು ಪರವಾಗಿಲ್ಲ. ಉಗುರನ್ನು ಅದರ ಮೇಲೆ ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಸವೆದು ಬಿದ್ದ ತೋಡು. ವರ್ಷಗಟ್ಟಲೆ ಧೂಳು ಲಿಪ್ಪಿನಡಿ ಕೂತು ಸ್ಟೀಲನ್ನೇ ಕೊರೆದಿರುತ್ತದೆ.

ತೋಡು ಇದ್ದರೆ ಮೂರು ದಾರಿ. ಹೊಸ ಪುಲ್ಲಿ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಸವೆದ ಜಾಗಕ್ಕೆ ತೆಳು ಸ್ಟೀಲ್ ಸ್ಲೀವ್ ತೊಡಿಸುವುದು ಎರಡನೆಯದು, ಅಳತೆಯದ್ದು ಸಿಕ್ಕರೆ ಅದೂ ಗಟ್ಟಿ ಪರಿಹಾರ. ಏನೂ ಸಿಗದಿದ್ದರೆ ಸೀಲನ್ನು ಮೊದಲಿದ್ದದ್ದಕ್ಕಿಂತ ಒಂದು ಮಿಲಿಮೀಟರ್ ಆಚೀಚೆ ಕೂರಿಸಿದರೆ ಲಿಪ್ಪು ಹೊಸ ಜಾಗದಲ್ಲಿ ಓಡುತ್ತದೆ. ಕವರ್‌ನಲ್ಲಿ ಅಷ್ಟು ಜಾಗ ಇದ್ದರೆ ಮಾತ್ರ.

ಸಣ್ಣ ತುಕ್ಕು, ಅಂಟು ಇದ್ದರೆ ಅತಿ ನಯವಾದ ಎಮರಿ ಪೇಪರ್‌ನಿಂದ ಸುತ್ತಿನ ದಿಕ್ಕಿನಲ್ಲೇ ಉಜ್ಜಿ. ಉದ್ದಕ್ಕೆ ಉಜ್ಜಿದರೆ ಆಯಿಲ್‌ಗೆ ನೀವೇ ಕಾಲುವೆ ತೋಡಿದ ಹಾಗೆ.

## ಹಂತ 9: ಹೊಸ ಸೀಲು ಕೂರಿಸುವುದು

ಕವರ್‌ನ ಒಳಗೋಡೆ ಒರೆಸಿ ಒಣಗಿಸಿ. ಸೀಲಿನ ಸ್ಪ್ರಿಂಗ್ ಇರುವ ಬದಿ ಎಂಜಿನ್ ಒಳಗೆ ನೋಡಬೇಕು, ನಂಬರ್ ಬರೆದ ಬದಿ ಹೊರಗೆ. ತಿರುಗಿ ಹಾಕಿದರೆ ಮೊದಲ ದಿನವೇ ಸುರಿಯುತ್ತದೆ.

ರಬ್ಬರ್ ಲಿಪ್ಪಿನ ಸೀಲಾದರೆ ಲಿಪ್ಪಿಗೆ ಹೊಸ ಎಂಜಿನ್ ಆಯಿಲ್ ಸವರಿ. ಒಣ ಲಿಪ್ಪು ಶುರುವಿನ ಕೆಲವೇ ಸೆಕೆಂಡಿನಲ್ಲಿ ಸುಟ್ಟುಹೋಗುತ್ತದೆ. ಆದರೆ ಸ್ಪ್ರಿಂಗ್ ಇಲ್ಲದ, ಪ್ಲಾಸ್ಟಿಕ್ ಬಳೆಯ ಜೊತೆ ಬರುವ ಟೆಫ್ಲಾನ್ ಲಿಪ್ಪಿನ ಸೀಲಾದರೆ ಆಯಿಲ್ ಮುಟ್ಟಿಸಬೇಡಿ. ಅದನ್ನು ಒಣದಾಗಿಯೇ ಹಾಕಿ, ಎಂಜಿನ್ ಶುರು ಮಾಡುವ ಮೊದಲು ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಬಿಡಬೇಕು.

ಹೊರ ಅಂಚು ರಬ್ಬರ್ ಆಗಿದ್ದರೆ ಗಮ್ ಹಚ್ಚುವುದು ಬೇಡ. ಒಳಗೆ ಬಿದ್ದ ಗಮ್ ಚೂರು ಆಯಿಲ್ ಜಾಲರಿಗೆ ಹೋಗಿ ಕೂರುತ್ತದೆ.

ಕೈಯಲ್ಲಿ ನೇರವಾಗಿ ಒತ್ತಿ ಶುರು ಮಾಡಿ. ಆಮೇಲೆ ಸಾಕೆಟ್ ಅಥವಾ ಪೈಪಿನ ತುಂಡನ್ನು ಸೀಲಿನ ಹೊರ ಅಂಚಿನ ಮೇಲೆ ಇಟ್ಟು ಹಗುರಾಗಿ ತಟ್ಟಿ. ನಾಲ್ಕು ತಟ್ಟಿಗೊಮ್ಮೆ ನಿಲ್ಲಿಸಿ ಸುತ್ತಲೂ ಅಳೆಯಿರಿ. ಒಂದು ಕಡೆ ತಗ್ಗಿದ್ದರೆ ಎದುರು ಬದಿಗೆ ತಟ್ಟಿ ಸರಿ ಮಾಡಿ. ಸುತ್ತಿಗೆ ನೇರವಾಗಿ ಸೀಲಿಗೆ ತಾಗಬಾರದು. ಬರೆದಿಟ್ಟ ಆಳಕ್ಕೆ ಬಂದ ಕೂಡಲೇ ಸಾಕು.

## ಹಂತ 10: ವಾಪಸ್ ಜೋಡಿಸುವುದು

ಪುಲ್ಲಿಯ ಕುತ್ತಿಗೆಗೂ ಆಯಿಲ್ ಸವರಿ, ಟೆಫ್ಲಾನ್ ಸೀಲಿದ್ದರೆ ಮಾತ್ರ ಬೇಡ. ಕೀ ಮತ್ತು ಪುಲ್ಲಿಯ ತೋಡು ಎದುರುಬದುರಾಗಿಸಿ, ನಿಧಾನ ತಿರುಗಿಸುತ್ತ ಒಳಗೆ ತಳ್ಳಿ. ಜೋರಾಗಿ ನೂಕಿದರೆ ಲಿಪ್ಪು ಒಳಮುಖ ಮಡಚಿಕೊಳ್ಳುತ್ತದೆ, ಸ್ಪ್ರಿಂಗ್ ಕಳಚಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತಡೆ ಅನ್ನಿಸಿದರೆ ಹೊರಗೆ ಎಳೆದು, ಟಾರ್ಚ್ ಹಾಕಿ ಲಿಪ್ಪು ನೋಡಿ ಮತ್ತೆ ಹಾಕಿ.

ಮತ್ತೆ 5ನೇ ಗೇರ್, ಮತ್ತೆ ಬ್ರೇಕ್. ಬೋಲ್ಟನ್ನು ನಿಮ್ಮ ಎಂಜಿನ್‌ನ ಸರ್ವಿಸ್ ಮ್ಯಾನುಯಲ್ ಹೇಳುವ ಅಂಕಿಗೆ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ. ಬೇರೆ ಕಾರಿನ ಅಂಕಿ ಇದಕ್ಕೆ ನಡೆಯುವುದಿಲ್ಲ. ಬೋಲ್ಟು ಸಡಿಲ ಉಳಿದರೆ ಪುಲ್ಲಿ ಆಡಿ ಕೀ ಕತ್ತರಿಸುತ್ತದೆ, ಶಾಫ್ಟಿನ ತೋಡು ಅಗಲವಾಗುತ್ತದೆ. ಆಗ ಒಂದು ಸೀಲಿನ ಕೆಲಸ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ.

ಬೆಲ್ಟ್, ಲೈನರ್, ಚಕ್ರ, ಬ್ಯಾಟರಿ ವೈರ್ ಈ ಕ್ರಮದಲ್ಲಿ ಹಾಕಿ. ಬೆಲ್ಟಿನ ಎಲ್ಲ ಗೆರೆಗಳೂ ಪುಲ್ಲಿಯ ಗೆರೆಯಲ್ಲಿ ಕೂತಿವೆಯೇ ಅಂತ ಬೆರಳಾಡಿಸಿ ನೋಡಿ.

## ಹಂತ 11: ಓಡಿಸಿ ನೋಡುವುದು

ಡಿಪ್‌ಸ್ಟಿಕ್ ನೋಡಿ, ಕಡಿಮೆ ಇದ್ದರೆ ಆಯಿಲ್ ಹಾಕಿ, ಮೇಲಿನ ಗೆರೆ ದಾಟಿಸಬೇಡಿ. ಎಂಜಿನ್ ಶುರು ಮಾಡಿದಾಗ ಆಯಿಲ್ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಪುಲ್ಲಿ ನೇರವಾಗಿ ತಿರುಗುತ್ತಿದೆಯೇ ನೋಡಿ. ಓಲಾಡಿದರೆ, ಟಕ್ ಟಕ್ ಸದ್ದು ಬಂದರೆ ಕೂಡಲೇ ಬಂದ್ ಮಾಡಿ.

ಜೋಡಿಸುವಾಗ ಸವರಿದ ಆಯಿಲ್ ಮೊದಲು ಸ್ವಲ್ಪ ಹೊರಗೆ ಬರಬಹುದು. ಒರೆಸಿ, ಮತ್ತೆ ಪೌಡರ್ ಉದುರಿಸಿ. ಐಡಲ್‌ನಲ್ಲಿ ಸೋರದ ಸೀಲು ಬಿಸಿಯಾಗಿ ಏರು ಹತ್ತುವಾಗ ಸೋರಬಹುದು. ತುಮಕೂರಿನವರಿಗೆ ದೇವರಾಯನದುರ್ಗದ ಏರು ಇದಕ್ಕೆ ಸರಿಯಾದ ರಸ್ತೆ. ಮೇಲೆ ಹೋಗಿ, ಎಂಜಿನ್ ಬಂದ್ ಮಾಡಿ, ಲೈನರ್ ಮತ್ತು ಪುಲ್ಲಿಯ ಹಿಂಬದಿಗೆ ಟಾರ್ಚ್ ಹಾಕಿ. ಬಿಸಿ ಸೈಲೆನ್ಸರ್ ಹತ್ತಿರ ಕೈ ಹಾಕಬೇಡಿ. ಸುಟ್ಟ ಆಯಿಲ್ ವಾಸನೆ ಬಂದರೆ ಎಲ್ಲಿಂದ ಅಂತ ಪತ್ತೆ ಮಾಡದೆ ಮುಂದೆ ಓಡಿಸಬೇಡಿ.

ರಾತ್ರಿ ಕಾರಿನಡಿ ರಟ್ಟಿನ ಹಾಳೆ ಹಾಸಿ. 100 ಕಿಲೋಮೀಟರ್‌ಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಪೌಡರ್ ಪರೀಕ್ಷೆ ಮಾಡಿ. ಮೊದಲ ದಿನವೇ ಜೋರಾಗಿ ಸೋರಿದರೆ ಲಿಪ್ಪು ಮಡಚಿದೆ ಅಥವಾ ಸೀಲು ಓರೆಯಾಗಿದೆ, ಬಿಚ್ಚಿ ಹೊಸ ಸೀಲೇ ಹಾಕಿ. ನಿಧಾನವಾಗಿ ಪಸೆ ಶುರುವಾದರೆ ಮೊದಲು ಪಿಸಿವಿ ವಾಲ್ವ್, ಆಮೇಲೆ ಪುಲ್ಲಿಯ ಕುತ್ತಿಗೆ ನೋಡಿ. ಸೋರಿಕೆ ನಿಲ್ಲಿಸುವ ಲಿಕ್ವಿಡ್ ಅಂತ ಮಾರುವ ಬಾಟಲಿ ಬೇಡ. ಅದು ರಬ್ಬರನ್ನು ಉಬ್ಬಿಸುತ್ತದೆ ಅಷ್ಟೇ, ಸವೆದ ತೋಡನ್ನು ತುಂಬುವುದಿಲ್ಲ.

ತಟ್ಟೆಗೆ ಬಿದ್ದ ಆಯಿಲನ್ನು ಚರಂಡಿಗೂ ತೆಂಗಿನ ಬುಡಕ್ಕೂ ಸುರಿಯಬೇಡಿ. ಡಬ್ಬಿಗೆ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಆಯಿಲ್ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ, ಬಿಡಿಸಿ ಗಾಳಿಯಲ್ಲಿ ಒಣಹಾಕಿ. ಒಲೆಯ ಹತ್ತಿರ ಇಡಬೇಡಿ.